ಹಳೆಯ ಸುರಂಗವನ್ನು ಮುಚ್ಚುವ ಮುನ್ನ

ನಸುಕಿನಲ್ಲಿ ಹೋಟೆಲಿನ ಒಲೆ ಹೊತ್ತಿಸಬೇಕಾದವನಿಗೂ, ಹತ್ತು ಗಂಟೆಗೆ ಕಚೇರಿಯ ಹಾಜರಿ ಪುಸ್ತಕದಲ್ಲಿ ರುಜು ಮಾಡಬೇಕಾದ ಗುಮಾಸ್ತನಿಗೂ ದಿನದ ಮೊದಲ ಚಿಂತೆ ಒಂದೇ: ಗಾಡಿ ಹೊತ್ತಿಗೆ ಬಂದೀತೇ, ದಾರಿ ತೆರೆದಿದ್ದೀತೇ? ದಾರಿ ಒಂದು ದಿನ ಮುಚ್ಚಿದರೆ ಅರ್ಧ ದಿನದ ಸಂಬಳಕ್ಕೆ ಸಂಚಕಾರ. ಒಂದು ವರ್ಷ ಮುಚ್ಚಿದರೆ ಬಿಡಾರವನ್ನೇ ಬದಲಿಸಬೇಕಾದೀತು. ಮುಂಬಯಿಯ ಅಂಧೇರಿಯಲ್ಲಿ ಪೂರ್ವ ಪಶ್ಚಿಮಗಳನ್ನು ಕೂಡಿಸುವ ಗೋಖಲೆ ಸೇತುವೆ ೨೦೨೨ರ ನವೆಂಬರ್ ೭ರಂದು ಮುಚ್ಚಲ್ಪಟ್ಟಿತು. ಹೊಸ ಸೇತುವೆಯ ಒಂದು ಪಾರ್ಶ್ವವಾದರೂ ತೆರೆಯಲು ೨೦೨೪ರ ಫೆಬ್ರವರಿ ೨೬ರವರೆಗೆ ಕಾಯಬೇಕಾಯಿತು. ಆ ಹದಿನೈದು ತಿಂಗಳಿಗೂ ಮೇಲ್ಪಟ್ಟ ಅವಧಿಯಲ್ಲಿ ಆ ಭಾಗದ ನಮ್ಮ ಜನರು ಪಟ್ಟ ಪಾಡು ಅವರಿಗೇ ಗೊತ್ತು. ಸೇತುವೆ ಜೀರ್ಣವಾಗಿತ್ತೆಂಬುದರಲ್ಲಿ ಸಂದೇಹವಿರಲಿಲ್ಲ. ೨೦೧೮ರ ಜುಲೈಯಲ್ಲಿಯೇ ಅದರ ಕಾಲುದಾರಿಯ ಭಾಗ ರೈಲುಹಳಿಯ ಮೇಲೆ ಕುಸಿದು ಬಿದ್ದಿತ್ತು. ದುರಸ್ತಿ ಬೇಡವೆಂದವರು ಯಾರೂ ಇಲ್ಲ. ನಡುವಿನ ಕಾಲದಲ್ಲಿ ದಾಟುವುದು ಹೇಗೆ ಎಂಬುದೊಂದೇ ಜನರ ಪ್ರಶ್ನೆಯಾಗಿತ್ತು.

ಇದೇ ಪ್ರಶ್ನೆ ನಮ್ಮ ಅಂಧೇರಿಗಿಂತ ನೂರು ಪಾಲು ಬೃಹತ್ತಾದ ರೂಪದಲ್ಲಿ ಅಮೆರಿಕದ ನ್ಯೂ ಯಾರ್ಕ್ ನಗರದೆದುರು ನಿಂತಿದೆ. ಅಲ್ಲಿ ಜೀರ್ಣವಾಗಿರುವುದು ಸೇತುವೆಯಲ್ಲ, ಹಡ್ಸನ್ ನದಿಯ ತಳದಲ್ಲಿ ಹಾಯ್ದುಹೋಗುವ ರೈಲ್ವೆ ಸುರಂಗ. ಅದಕ್ಕೆ ಬದಲು ಹೊಸ ಸುರಂಗವನ್ನು ತೋಡುವ ಕಾರ್ಯದಲ್ಲಿ ಎಂಥೆಂಥ ತಜ್ಞರು ಎಂಥೆಂಥ ಸಲಹೆ ನೀಡಿದರು, ಯಾವ ಸಲಹೆಗೆ ಕಿವಿಗೊಟ್ಟರು, ಯಾವುದನ್ನು ತಳ್ಳಿಹಾಕಿದರು ಎಂಬ ವೃತ್ತಾಂತ ನಮ್ಮಂತಹ ನಿತ್ಯಪ್ರಯಾಣಿಕರೆಲ್ಲರೂ ತಿಳಿದಿರಬೇಕಾದದ್ದೆಂದು ಬಗೆದು ವಾಚಕರ ಮುಂದಿಡುತ್ತಿದ್ದೇವೆ.

ದೋಣಿಯ ಕಾಲ ಮುಗಿದ ಬಗೆ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪೆನ್ಸಿಲ್ವೇನಿಯ ರೈಲ್ವೆ ಕಂಪನಿಯ ಗಾಡಿಗಳು ಹಡ್ಸನ್ ನದಿಯ ಪಶ್ಚಿಮ ದಡದ ಜೆರ್ಸಿ ಸಿಟಿಯಲ್ಲಿಯೇ ನಿಲ್ಲುತ್ತಿದ್ದುವು. ಪ್ರಯಾಣಿಕರು ಗಂಟುಮೂಟೆ ಹೊತ್ತು ದೋಣಿಯೇರಿ ನ್ಯೂ ಯಾರ್ಕ್ ನಗರದ ಹೃದಯವಾದ ಮ್ಯಾನ್‌ಹಟನ್ ದ್ವೀಪವನ್ನು ಸೇರಬೇಕಾಗಿತ್ತು. ಮಂಜು ಕವಿದರೆ, ಹಿಮ ಹೆಪ್ಪುಗಟ್ಟಿದರೆ ದೋಣಿಗೂ ತಡೆ. ಕಂಪನಿಯ ಅಧ್ಯಕ್ಷರಾದ ಅಲೆಕ್ಸಾಂಡರ್ ಕಸಾಟ್ ಅವರು ೧೯೦೧ರಲ್ಲಿ ಪ್ಯಾರಿಸಿಗೆ ಹೋದಾಗ, ಅಲ್ಲಿ ವಿದ್ಯುತ್ ಎಂಜಿನ್ನುಗಳು ನೆಲದಡಿಯ ದಾರಿಯಿಂದ ನಗರದ ನಡುವಿಗೇ ಗಾಡಿಗಳನ್ನು ಎಳೆದು ತರುತ್ತಿದ್ದುದನ್ನು ಕಂಡರು. ಉಗಿಬಂಡಿಯ ಹೊಗೆಗೆ ಹೆದರಿ ಕೈಬಿಟ್ಟಿದ್ದ ಸುರಂಗದ ಯೋಚನೆ ಪುನಃ ಚಿಗುರಿದ್ದು ಅಲ್ಲಿ.

ಆದರೆ ಕಸಾಟ್ ಅವರು ಕೂಡಲೇ ಗುದ್ದಲಿ ಹಿಡಿಸಲಿಲ್ಲ. ಮೊದಲು ಕರ್ನಲ್ ಚಾರ್ಲ್ಸ್ ರೇಮಂಡ್ ಅವರ ಅಧ್ಯಕ್ಷತೆಯಲ್ಲಿ ಇಂಜಿನಿಯರುಗಳ ಸಲಹಾ ಮಂಡಳಿಯೊಂದನ್ನು ನೇಮಿಸಿದರು. ನದಿಯ ಕೆಳಗಿನ ಭಾಗದ ಕೆಲಸವನ್ನು ಇಂಗ್ಲೆಂಡಿನ ಚಾರ್ಲ್ಸ್ ಜೇಕಬ್ಸ್ ಎಂಬ ಇಂಜಿನಿಯರು ವಹಿಸಿಕೊಂಡರು. ನದಿಯ ತಳವೆಂದರೆ ಬಂಡೆಯಲ್ಲ, ಆಳವಾದ ಮೆತ್ತನೆಯ ಕೆಸರು. ಉಕ್ಕಿನ ಕವಚವೊಂದನ್ನು ಆ ಕೆಸರಿನೊಳಗೆ ಮುಂದಕ್ಕೊತ್ತುತ್ತ, ಹಿಂದಿನಿಂದ ಎರಕದ ಕಬ್ಬಿಣದ ಬಳೆಗಳನ್ನು ಒಂದಕ್ಕೊಂದು ಜೋಡಿಸುತ್ತ, ನೀರು ನುಗ್ಗದಂತೆ ಒತ್ತಡದ ಗಾಳಿಯನ್ನು ತುಂಬಿ, ಆ ಗಾಳಿಯಲ್ಲಿಯೇ ಕೂಲಿಗಳು ದುಡಿಯಬೇಕಾಗಿತ್ತು. ಒತ್ತಡದಿಂದ ಹೊರಬರುವಾಗ ಆತುರಪಟ್ಟರೆ ಕೀಲುಕೀಲುಗಳಲ್ಲಿ ನೋವು ತುಂಬಿ, ಕೆಲವೊಮ್ಮೆ ಪ್ರಾಣಕ್ಕೇ ಮುಳುವಾಗುವ ರೋಗ ತಪ್ಪುತ್ತಿರಲಿಲ್ಲ. ಎರಡು ದಡಗಳಿಂದ ಹೊರಟ ಕವಚಗಳು ೧೯೦೬ರಲ್ಲಿ ನದಿಯ ಕೆಳಗೆ ಸಂಧಿಸಿದುವು.

ಆಗ ಹೊಸದೊಂದು ಸಂದೇಹ ತಲೆದೋರಿತು. ಕೆಸರಿನಲ್ಲಿ ತೇಲಿದಂತಿರುವ ಈ ಕೊಳವೆ ಭಾರವಾದ ಗಾಡಿಗಳ ಹೊರೆಗೆ ಕುಸಿಯದೇ? ತಿರುಪಿನ ಕಂಬಗಳನ್ನು ಆಳಕ್ಕಿಳಿಸಿ ಕೊಳವೆಯನ್ನು ಗಟ್ಟಿನೆಲಕ್ಕೆ ಬಿಗಿಯಬೇಕೆಂದು ಮೊದಲ ಯೋಜನೆಯಿತ್ತು. ಅಳೆದು ನೋಡಿದಾಗ ಸಮುದ್ರದ ಉಬ್ಬರವಿಳಿತಕ್ಕೆ ತಕ್ಕಂತೆ ಕೊಳವೆ ಕೂದಲೆಳೆಯಷ್ಟು ಏರಿಳಿಯುತ್ತಿದ್ದುದು ಕಂಡುಬಂದಿತು. ಹೀಗೆ ಏರಿಳಿಯುವ ವಸ್ತುವನ್ನು ಅಲುಗದಂತೆ ಬಿಗಿದರೆ ಒಡೆಯುವ ಅಪಾಯವೇ ಹೆಚ್ಚು. ದೀರ್ಘ ಚರ್ಚೆಯ ತರುವಾಯ ಕಂಬಗಳ ಯೋಜನೆಯನ್ನು ಕೈಬಿಟ್ಟು, ಕೊಳವೆಯನ್ನು ಅದರ ಪಾಡಿಗೆ ಬಿಡುವುದೇ ಸರಿಯೆಂಬ ತೀರ್ಮಾನವಾಯಿತು. ಗಾಡಿಗಳು ನಿರಾತಂಕವಾಗಿ ಓಡುತ್ತ ನೂರು ವರ್ಷಗಳಿಗೂ ಮೀರಿ ಆ ತೀರ್ಮಾನ ನಿಂತಿದೆ. ಒಳ್ಳೆಯ ಸಲಹೆ ಯಾವಾಗಲೂ 'ಇನ್ನಷ್ಟು ಮಾಡು' ಎಂದೇ ಇರಬೇಕಾಗಿಲ್ಲ. ಅಳೆದು ನೋಡಿ 'ಇದು ಬೇಡ' ಎನ್ನುವುದೂ ಸಲಹೆಯೇ.

೧೯೧೦ರ ನವೆಂಬರ್ ೨೭ರಂದು ಸುರಂಗ ಪೂರ್ಣವಾಗಿ ಸಂಚಾರಕ್ಕೆ ತೆರೆಯಿತು. ಎರಡು ಕೊಳವೆಗಳು, ಒಂದೊಂದರಲ್ಲಿ ಒಂದೊಂದು ಹಳಿ, ಒಂದು ಹೋಗಲು, ಇನ್ನೊಂದು ಬರಲು.

ಎರಡರಲ್ಲೊಂದು ಮುಚ್ಚಿದರೆ

ಈ ಎರಡು ಹಳಿಗಳ ಮೇಲೆ ಬಿದ್ದಿರುವ ಹೊರೆಯನ್ನು ವಾಚಕರು ಊಹಿಸಿಕೊಳ್ಳಬೇಕು. ೨೦೨೦ರ ಮಹಾಮಾರಿಗೆ ಮುಂಚೆ ವಾರದ ದಿನಗಳಲ್ಲಿ ದಿನಕ್ಕೆ ಸುಮಾರು ೪೫೦ ಗಾಡಿಗಳು, ಸುಮಾರು ಎರಡು ಲಕ್ಷ ಪ್ರಯಾಣಗಳು ಇದರ ಮೂಲಕವೇ ನಡೆಯುತ್ತಿದ್ದುವು. ಬೋಸ್ಟನ್ನಿನಿಂದ ರಾಜಧಾನಿ ವಾಷಿಂಗ್ಟನ್ನಿನವರೆಗೆ ಹೋಗುವ ದೂರದ ಗಾಡಿಗಳಿಗೂ, ನ್ಯೂ ಜೆರ್ಸಿ ಸಂಸ್ಥಾನದಿಂದ ದಿನವೂ ಕೆಲಸಕ್ಕೆ ಬರುವವರ ಗಾಡಿಗಳಿಗೂ ಇದೇ ಬಾಗಿಲು. ನ್ಯೂ ಜೆರ್ಸಿಯ ಎಡಿಸನ್ ಮೊದಲಾದ ಊರುಗಳಲ್ಲಿ ಭಾರತೀಯರು ಬಹುಸಂಖ್ಯೆಯಲ್ಲಿ ನೆಲೆಸಿದ್ದಾರೆ, ಅವರಲ್ಲಿ ಕನ್ನಡಿಗರೂ ಇದ್ದಾರೆ. ಊರು ಬಿಟ್ಟು ಮುಂಬಯಿಗೆ ಬಂದ ನಮಗೆ ಲೋಕಲ್ ಗಾಡಿ ಹೇಗೋ, ಕಡಲು ದಾಟಿದ ಅವರಿಗೆ ಈ ಸುರಂಗ ಹಾಗೆ.

ದಟ್ಟಣೆಯ ಹೊತ್ತಿನಲ್ಲಿ ಈ ಸುರಂಗದಲ್ಲಿ ಗಂಟೆಗೆ ೨೪ ಗಾಡಿಗಳು ಸಾಗಬಲ್ಲವು. ಒಂದು ಕೊಳವೆಯನ್ನು ಮುಚ್ಚಿದರೆ ಉಳಿಯುವುದು ಹನ್ನೆರಡೆಂದು ಯಾರಿಗಾದರೂ ತೋರೀತು. ಆದರೆ ಲೆಕ್ಕ ಹಾಗಿಲ್ಲ. ಉಳಿದ ಒಂದೇ ಹಳಿಯ ಮೇಲೆ ಹೋಗುವ ಗಾಡಿಯೂ ಬರುವ ಗಾಡಿಯೂ ಸರದಿಯಿಂದ ಸಾಗಬೇಕು. ಒಂದು ಪೂರ್ಣವಾಗಿ ಹೊರಬೀಳುವವರೆಗೆ ಎದುರಿನದು ಬಾಗಿಲಲ್ಲಿಯೇ ಕಾಯಬೇಕು. ಆದ್ದರಿಂದ ಉಳಿಯುವುದು ಗಂಟೆಗೆ ಆರೇ ಗಾಡಿಗಳು. ಅರ್ಧ ದಾರಿ ಮುಚ್ಚಿದರೆ ಮುಕ್ಕಾಲು ಸಂಚಾರ ನಿಂತಿತು. ಈ ಒಂದು ಲೆಕ್ಕವೇ ಈ ಇಡೀ ವೃತ್ತಾಂತದ ತಿರುಳು.

ತಿರಸ್ಕೃತವಾದ ಎಚ್ಚರಿಕೆ

ಹೊಸ ಸುರಂಗ ಬೇಕೆಂದು ಹೇಳಿದವರು ಬಹು ಹಿಂದೆಯೇ ಇದ್ದರು. ಅಂತಹ ಯೋಜನೆಯೊಂದರ ಕೆಲಸ ೨೦೦೯ರಲ್ಲಿ ಆರಂಭವೂ ಆಯಿತು. ಆದರೆ ೨೦೧೦ರ ಅಕ್ಟೋಬರಿನಲ್ಲಿ ನ್ಯೂ ಜೆರ್ಸಿಯ ಗವರ್ನರ್ ಕ್ರಿಸ್ ಕ್ರಿಸ್ಟಿ ಅವರು, ಅಂದಾಜಿಗೆ ಮೀರಿದ ಖರ್ಚು ತಮ್ಮ ಸಂಸ್ಥಾನದ ತೆರಿಗೆದಾರರ ತಲೆಯ ಮೇಲೆ ಬೀಳುವುದೆಂದು ಕಾರಣಕೊಟ್ಟು ಅದನ್ನು ರದ್ದುಪಡಿಸಿದರು. ಖರ್ಚಿನ ಭಯ ನಿರಾಧಾರವಾದುದೆಂದು ನಾವು ಹೇಳಲಾರೆವು. ಬೊಕ್ಕಸ ಕಾಯುವವನಿಗೆ ಅದೂ ಕರ್ತವ್ಯವೇ. ಆದರೆ ಪ್ರಕೃತಿ ಯಾರ ಆಯವ್ಯಯ ಪತ್ರಿಕೆಯನ್ನೂ ಓದುವುದಿಲ್ಲ. ಸರಿಯಾಗಿ ಎರಡು ವರ್ಷಗಳ ತರುವಾಯ, ೨೦೧೨ರ ಅಕ್ಟೋಬರ್ ೨೯ರ ರಾತ್ರಿ, ಸ್ಯಾಂಡಿ ಎಂಬ ಚಂಡಮಾರುತ ನ್ಯೂ ಯಾರ್ಕಿಗೆ ಅಪ್ಪಳಿಸಿತು. ಸಮುದ್ರದ ನೀರು ಉಕ್ಕಿ ಹಡ್ಸನ್ ಸುರಂಗದ ಎರಡು ಕೊಳವೆಗಳಿಗೂ ನುಗ್ಗಿತು.

ನೀರನ್ನು ಪಂಪುಗಳಿಂದ ಹೊರಚೆಲ್ಲಿ ಗಾಡಿಗಳನ್ನು ಪುನಃ ಓಡಿಸಿದರು. ಆದರೆ ನೀರು ಹೋದರೂ ಉಪ್ಪು ಹೋಗಲಿಲ್ಲ. ಕರಾವಳಿಯಿಂದ ಬಂದ ನಮ್ಮ ವಾಚಕರಿಗೆ ಉಪ್ಪಿನ ಗುಣವನ್ನು ಬಣ್ಣಿಸಬೇಕಾಗಿಲ್ಲ. ಕಡಲಗಾಳಿಗೆ ಮನೆಯ ಕಿಟಕಿಯ ಸರಳು ಹೇಗೆ ಪದರ ಪದರವಾಗಿ ಕಳಚುವುದೆಂದು ಬಲ್ಲರು. ಈ ಸುರಂಗದ ಎರಡೂ ಬದಿಗೆ, ನಮ್ಮ ಹಳ್ಳಿಮನೆಯ ಜಗಲಿಯಂತೆ, ಕಾಂಕ್ರೀಟಿನ ಉದ್ದವಾದ ಕಟ್ಟೆಗಳಿವೆ. ಅವುಗಳ ಒಡಲಿನಲ್ಲಿ ವಿದ್ಯುತ್ತಿನ ಮತ್ತು ಸಂಕೇತದ ತಂತಿಗಳು ಹಾಯ್ದಿವೆ. ಅಪಘಾತವಾದರೆ ಜನ ನಡೆದು ಹೊರಬರುವುದೂ ಅವುಗಳ ಮೇಲೆಯೇ. ಉಪ್ಪಿನ ಕ್ಲೋರೈಡು ಆ ಕಾಂಕ್ರೀಟಿನೊಳಗೆ ಇಂಗಿತು. ಒಳಗಿನ ಕಬ್ಬಿಣ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ. ಊದಿಕೊಂಡದ್ದು ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ತಂತಿಗಳ ಹೊದಿಕೆ ಕೊಳೆಯುತ್ತದೆ. ಒಂದು ತಂತಿ ಸುಟ್ಟಿತೆಂದರೆ ಅಂದಿನ ಬೆಳಗಿನ ಗಾಡಿಗಳೆಲ್ಲ ಸಾಲಾಗಿ ನಿಂತುವು.

ಸುರಂಗದ ಒಡೆತನವುಳ್ಳ ಆಮ್‌ಟ್ರಾಕ್ ರೈಲ್ವೆ ಸಂಸ್ಥೆ ಸಲಹೆಗಾರ ಇಂಜಿನಿಯರುಗಳಿಂದ ಪರೀಕ್ಷೆ ಮಾಡಿಸಿ, ೨೦೧೪ರ ಅಕ್ಟೋಬರಿನಲ್ಲಿ ಆ ವರದಿಯನ್ನು ಪ್ರಕಟಿಸಿತು. ಸುರಂಗ ಒಡನೆಯೇ ಕುಸಿಯುವ ಸ್ಥಿತಿಯಲ್ಲಿಲ್ಲ. ಆದರೆ ತೇಪೆ ಹಚ್ಚುವುದರಿಂದ ಪ್ರಯೋಜನವಿಲ್ಲ. ಒಂದೊಂದೇ ಕೊಳವೆಯನ್ನು ಪೂರ್ಣ ಮುಚ್ಚಿ, ಕಟ್ಟೆಗಳನ್ನೂ ಹಳಿಯನ್ನೂ ಕಿತ್ತು ಹೊಸದಾಗಿ ಕಟ್ಟಬೇಕು. ಇದು ಆ ವರದಿಯ ಸಾರ. ಇದನ್ನು ಮೇಲಿನ ಲೆಕ್ಕದ ಜತೆಗಿಟ್ಟು ನೋಡಿದರೆ ಮಾರ್ಗ ತಾನಾಗಿ ತೋರುತ್ತದೆ. ಮುಚ್ಚದೆ ದುರಸ್ತಿಯಾಗದು, ಮುಚ್ಚಿದರೆ ನಗರ ನಡೆಯದು. ಆದಕಾರಣ ಮೊದಲು ಪಕ್ಕದಲ್ಲಿ ಎರಡು ಹೊಸ ಕೊಳವೆಗಳನ್ನು ತೋಡಬೇಕು. ಗಾಡಿಗಳನ್ನು ಅವುಗಳಿಗೆ ಸಾಗಿಸಬೇಕು. ಆ ಬಳಿಕವೇ ಹಳೆಯವನ್ನು ಒಂದೊಂದಾಗಿ ಮುಚ್ಚಿ ದುರಸ್ತಿ ಮಾಡಬೇಕು. ಹಡ್ಸನ್ ಸುರಂಗ ಯೋಜನೆಯೆಂದರೆ ಇಷ್ಟೇ.

ವಿದ್ವಾಂಸರು ಸುರಂಗಕ್ಕಿಳಿದರು

ಇದೇ ಚಂಡಮಾರುತದಿಂದ ನಗರದ ಇನ್ನೊಂದು ಪಕ್ಕದ ಈಸ್ಟ್ ರಿವರ್ ಕೆಳಗಿನ ಸುರಂಗಗಳೂ ಕೆಟ್ಟವು. ಈಸ್ಟ್ ರಿವರ್ ಹೆಸರಿಗೆ ನದಿಯಾದರೂ ವಾಸ್ತವವಾಗಿ ಸಮುದ್ರದ ಜಲಸಂಧಿ. ಅದರಡಿಯಲ್ಲಿ ಬ್ರೂಕ್ಲಿನ್ನನ್ನೂ ಮ್ಯಾನ್‌ಹಟನ್ನನ್ನೂ ಕೂಡಿಸುವ, ೧೯೨೪ರಲ್ಲಿ ತೆರೆದ ಕನಾರ್ಸಿ ಸುರಂಗವಿದೆ. ಅದರ ಮೂಲಕ ದಿನಕ್ಕೆ ಸುಮಾರು ಎರಡು ಲಕ್ಷ ಇಪ್ಪತ್ತೈದು ಸಾವಿರ ಜನ ಹಾಯುತ್ತಿದ್ದರು. ಅದನ್ನು ೨೦೧೯ರ ಏಪ್ರಿಲಿನಿಂದ ಹದಿನೈದು ತಿಂಗಳ ಕಾಲ ಪೂರ್ಣವಾಗಿ ಮುಚ್ಚುವುದೆಂದು ಸಾರಿಗೆ ಅಧಿಕಾರಿಗಳು ಸಾರಿದರು. ಜನ ಆ ದಿನಕ್ಕಾಗಿ ಸಿದ್ಧರಾಗತೊಡಗಿದರು. ಬೇರೆ ಬಡಾವಣೆಗಳಿಗೆ ಬಿಡಾರ ಬದಲಿಸಿದವರೂ ಉಂಟು. ಗಿರಾಕಿಗಳು ತಪ್ಪುವರೆಂದು ಅಂಗಡಿ, ಉಪಾಹಾರಗೃಹಗಳವರು ಕಂಗಾಲಾದರು.

ಹೀಗಿರುವಾಗ ೨೦೧೮ರ ಡಿಸೆಂಬರಿನಲ್ಲಿ ಗವರ್ನರ್ ಆಂಡ್ರೂ ಕುವೊಮೊ ಅವರು ಕೊಲಂಬಿಯಾ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಇಂಜಿನಿಯರಿಂಗ್ ವಿಭಾಗಗಳ ಮುಖ್ಯಸ್ಥರಾದ ಮೇರಿ ಬಾಯ್ಸ್, ಲ್ಯಾನ್ಸ್ ಕಾಲಿನ್ಸ್ ಇವರನ್ನೂ ಇತರ ತಜ್ಞರನ್ನೂ ಕರೆದುಕೊಂಡು ರಾತ್ರಿ ವೇಳೆಯಲ್ಲಿ ಸ್ವತಃ ಆ ಸುರಂಗಕ್ಕಿಳಿದರು. ಕೆಲವೇ ವಾರಗಳಲ್ಲಿ, ೨೦೧೯ರ ಜನವರಿ ೩ರಂದು, ತಜ್ಞರು ತಮ್ಮ ಸಲಹೆಯನ್ನು ಬಹಿರಂಗಪಡಿಸಿದರು. ಅವರು ಕೇಳಿದ ಪ್ರಶ್ನೆ ಬಹು ಸರಳವಾದುದು: ಹಳೆಯ ಕಟ್ಟೆಯನ್ನು ಒಡೆಯುವುದಾದರೂ ಏತಕ್ಕೆ? ಅದರೊಳಗಿನ ತಂತಿಗಳನ್ನು ಬದಲಿಸಲಿಕ್ಕೆ ತಾನೆ? ಹಾಗಾದರೆ ಹಳೆಯ ತಂತಿಗಳು ಒಳಗೇ ಬಿದ್ದಿರಲಿ. ಹೊಸ ತಂತಿಗಳನ್ನು ಸುರಂಗದ ಗೋಡೆಗೆ ಕೊಕ್ಕೆಗಳನ್ನು ಬಿಗಿದು ಅವುಗಳ ಮೇಲೆ ತೂಗಿಸೋಣ. ಕಟ್ಟೆಯಲ್ಲಿ ತೀರ ಕೆಟ್ಟ ಭಾಗವನ್ನಷ್ಟೇ ತೆಗೆದು, ಸಾಮಾನ್ಯವಾಗಿ ಕೆಟ್ಟದ್ದಕ್ಕೆ ನಾರಿನಿಂದ ಬಲಪಡಿಸಿದ ಪ್ಲಾಸ್ಟಿಕ್ಕಿನ ಪಟ್ಟಿ ಸುತ್ತೋಣ. ಕಟ್ಟೆ ಅಲುಗಿದರೆ ತಿಳಿಸುವ ಉಪಕರಣಗಳನ್ನು ಇಡೋಣ. ಇದರಿಂದ ಕೆಲಸ ಅಷ್ಟೊಂದು ಕಡಿಮೆಯಾಯಿತೆಂದರೆ, ರಾತ್ರಿಗಳಲ್ಲಿಯೂ ವಾರದ ಕೊನೆಯಲ್ಲಿಯೂ ಒಂದೊಂದೇ ಕೊಳವೆಯನ್ನು ಮುಚ್ಚಿ ದುರಸ್ತಿ ಮಾಡುವುದು ಸಾಧ್ಯವಾಯಿತು. ಏಪ್ರಿಲಿನಲ್ಲಿ ಆರಂಭವಾದ ಕೆಲಸ ಮರುವರ್ಷದ ಏಪ್ರಿಲಿನಲ್ಲಿ ಮುಗಿಯಿತು. ಹದಿನೈದು ತಿಂಗಳ ಪೂರ್ಣ ಮುಚ್ಚುಗಡೆ ತಪ್ಪಿತು.

ಇದರಲ್ಲಿ ಎಲ್ಲವೂ ಹೊಗಳತಕ್ಕದ್ದೇ ಎಂದಲ್ಲ. ಮೂರು ವರ್ಷಗಳಿಂದ ಯೋಜನೆ ಹೂಡಿದ್ದ ಅಧಿಕಾರಿಗಳಿಗೆ ಹೊಳೆಯದ ಉಪಾಯ ಕೊನೆಗಳಿಗೆಯಲ್ಲಿ ಹೊಳೆದದ್ದೇಕೆ ಎಂದು ಜನ ಕೇಳಿದರು. ಅಷ್ಟರಲ್ಲಿ ಬಿಡಾರ ಬದಲಿಸಿ ಹೋದವರು ಹೋಗಿಯೇ ಹೋಗಿದ್ದರು. ಈ ದುರಸ್ತಿ ಎಷ್ಟು ಕಾಲ ಬಾಳೀತೆಂದು ಶಂಕಿಸಿದವರೂ ಇದ್ದರು. ಎರಡನೆಯ ಅಭಿಪ್ರಾಯವನ್ನು ಮೊದಲೇ ಕೇಳಿದ್ದರೆ ಎಷ್ಟು ಕುಟುಂಬಗಳ ತೊಂದರೆ ತಪ್ಪುತ್ತಿತ್ತು! ವೈದ್ಯರ ವಿಷಯದಲ್ಲಿ ನಾವು ಹಾಗೆ ಮಾಡುವುದಿಲ್ಲವೇ? ಕಾಲು ಕತ್ತರಿಸಬೇಕೆಂದು ಒಬ್ಬರು ಹೇಳಿದರೆ ಇನ್ನೊಬ್ಬರಿಗೆ ತೋರಿಸುವುದು ಕತ್ತರಿಸುವ ಮೊದಲು, ಆಮೇಲಲ್ಲ.

ಒಂದರ ಔಷಧ ಇನ್ನೊಂದಕ್ಕೆ ಒಗ್ಗೀತೇ?

ಕನಾರ್ಸಿಯ ಯಶಸ್ಸನ್ನು ಕಂಡು, ಹಡ್ಸನ್ ಸುರಂಗವನ್ನೂ ಹಾಗೆಯೇ ರಾತ್ರಿ ದುರಸ್ತಿಯಿಂದ ಸರಿಪಡಿಸಬಾರದೇಕೆ, ಹೊಸದು ಬೇಕೇ ಎಂಬ ವಾದವೆದ್ದಿತು. ಆಮ್‌ಟ್ರಾಕ್ ಲಂಡನ್ನಿನ ಸುರಂಗತಜ್ಞರ ಸಂಸ್ಥೆಯೊಂದನ್ನು ಸಲಹೆಗೆ ಕರೆಯಿತು. ನೀರು ಬಸಿದುಹೋಗುವ ಚರಂಡಿ, ಹಳಿಯಡಿಯ ಜಲ್ಲಿ ಮೊದಲಾದ ಕೆಲವು ಕೆಲಸಗಳನ್ನು ಗಾಡಿಗಳ ಸಂಚಾರವಿರುವಾಗಲೇ ರಾತ್ರಿ ಮತ್ತು ವಾರದ ಕೊನೆಯಲ್ಲಿ ಮಾಡಿಕೊಳ್ಳಬಹುದೆಂದು ಆ ತಜ್ಞರು ತೋರಿಸಿಕೊಟ್ಟರು. ಅದರಿಂದ ಹಳೆಯ ಸುರಂಗದ ಉಸಿರು ಸ್ವಲ್ಪ ಉಳಿದೀತು; ಆದರೆ ಹೊಸ ಸುರಂಗದ ಅವಶ್ಯಕತೆ ತಪ್ಪಲಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ಈಸ್ಟ್ ರಿವರ್ ಕೆಳಗಿನ ತನ್ನದೇ ನಾಲ್ಕು ಕೊಳವೆಗಳಲ್ಲಿ ಕೆಟ್ಟ ಎರಡನ್ನು ದುರಸ್ತಿ ಮಾಡುವಾಗ ಆಮ್‌ಟ್ರಾಕ್ ಪೂರ್ಣ ಮುಚ್ಚುಗಡೆಯ ಮಾರ್ಗವನ್ನೇ ಹಿಡಿಯಿತು. ೨೦೨೫ರ ಮೇ ತಿಂಗಳಲ್ಲಿ ಮೊದಲ ಕೊಳವೆಯನ್ನು ಮುಚ್ಚಿತು. ನ್ಯೂ ಯಾರ್ಕಿನ ಗವರ್ನರ್ ಕ್ಯಾತಿ ಹೋಕಲ್ ಅವರೂ ನಿತ್ಯಪ್ರಯಾಣಿಕರ ರೈಲ್ವೆಯವರೂ ರಾತ್ರಿ ದುರಸ್ತಿಯೇ ಸಾಕೆಂದು ವಾದಿಸಿದರು. ಕೆಟ್ಟ ಕಾಂಕ್ರೀಟನ್ನು ಬುಡಸಹಿತ ತೆಗೆಯದೆ ಶಾಶ್ವತ ಪರಿಹಾರವಿಲ್ಲವೆಂದು ಆಮ್‌ಟ್ರಾಕ್ ಪಟ್ಟುಹಿಡಿಯಿತು. ಅಲ್ಲಿ ನಾಲ್ಕರಲ್ಲೊಂದು ಮುಚ್ಚಿದರೆ ಮೂರು ಉಳಿಯುತ್ತವೆ ಎಂಬುದನ್ನು ವಾಚಕರು ಗಮನಿಸಬೇಕು. ಹಡ್ಸನ್ನಿನಲ್ಲಿ ಎರಡರಲ್ಲೊಂದು ಮುಚ್ಚಿದರೆ ಉಳಿಯುವುದು ಒಂದೇ. ಕನಾರ್ಸಿಗೆ ಕೊಟ್ಟ ಸಲಹೆ ಹಡ್ಸನ್ನಿಗೆ ಸಲ್ಲದು. ಹಡ್ಸನ್ನಿನದು ಈಸ್ಟ್ ರಿವರಿಗೆ ಸಲ್ಲದು. ಊರೂರಿಗೆ ಒಂದೇ ಚೂರ್ಣ ಮಾರುವವನು ವೈದ್ಯನಲ್ಲ. ಎಲ್ಲ ಸುರಂಗಕ್ಕೂ ಒಂದೇ ವರದಿ ಬರೆಯುವವನು ಸಲಹೆಗಾರನೂ ಅಲ್ಲ.

ತಡವಾದ ಸಲಹೆಯ ಬೆಲೆ

ಹಡ್ಸನ್ ಯೋಜನೆಯ ಪರಿಸರ ಪರಿಶೀಲನೆ ೨೦೧೬ರಲ್ಲಿ ತೊಡಗಿತು. ಕರಡು ವರದಿ ೨೦೧೭ರಲ್ಲಿ ಹೊರಬಿದ್ದಿತು. ಅಂತಿಮ ಒಪ್ಪಿಗೆ ದೊರೆತುದು ೨೦೨೧ರ ಮೇ ತಿಂಗಳಲ್ಲಿ. ಖರ್ಚು ಯಾರದೆಂಬ ಜಗ್ಗಾಟದಲ್ಲಿ ಮಧ್ಯದ ನಾಲ್ಕು ವರ್ಷಗಳು ಕಳೆದುವು. ೨೦೧೯ರಲ್ಲಿ ಎರಡೂ ಸಂಸ್ಥಾನಗಳು ಕೂಡಿ ಕಾಯಿದೆ ಮಾಡಿ ಗೇಟ್‌ವೇ ಆಯೋಗವನ್ನು ಸ್ಥಾಪಿಸಿದವು. ೨೦೨೩ರ ನವೆಂಬರಿನಲ್ಲಿ ನ್ಯೂ ಜೆರ್ಸಿಯ ಕಡೆ ಕೆಲಸ ಆರಂಭವಾಯಿತು. ೨೦೨೪ರ ಜುಲೈಯಲ್ಲಿ ಕೇಂದ್ರ ಸರ್ಕಾರ ೬೮೮ ಕೋಟಿ ಡಾಲರುಗಳ ಅನುದಾನದ ಕರಾರಿಗೆ ಸಹಿ ಹಾಕಿತು. ಒಟ್ಟು ಅಂದಾಜು ಸುಮಾರು ೧,೬೦೦ ಕೋಟಿ ಡಾಲರು. ಹೊಸ ಸುರಂಗ ೨೦೩೫ರಲ್ಲಿ, ಹಳೆಯದರ ಜೀರ್ಣೋದ್ಧಾರ ೨೦೩೮ರಲ್ಲಿ ಮುಗಿಯಬೇಕೆಂದು ಗೊತ್ತುಪಡಿಸಿದ್ದರು. ೨೦೨೫ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಹಣವನ್ನು ತಡೆಹಿಡಿದು ಇನ್ನೊಂದು ವಿವಾದಕ್ಕೆ ಎಡೆಮಾಡಿತು. ಹೀಗೆ ಒಂದೊಂದು ಜಗ್ಗಾಟಕ್ಕೂ ಹಳೆಯ ಕೊಳವೆಯೊಳಗಿನ ಉಪ್ಪಿಗೆ ಇನ್ನಷ್ಟು ತಿನ್ನಲು ಅವಕಾಶ.

ಈ ಕತ್ತಲೆಯಲ್ಲಿ ಬೆಳಕಿನ ಒಂದು ನಿದರ್ಶನವೂ ಇದೆ. ಮ್ಯಾನ್‌ಹಟನ್ನಿನ ರೈಲ್ವೆ ಯಾರ್ಡಿನ ಮೇಲೆ ಗಗನಚುಂಬಿ ಕಟ್ಟಡಗಳೇಳುವುದೆಂದು ನಿಶ್ಚಯವಾದಾಗ, ಅವುಗಳ ಅಸ್ತಿಭಾರ ಬಿದ್ದರೆ ಹೊಸ ಸುರಂಗ ಪೆನ್ಸಿಲ್ವೇನಿಯ ನಿಲ್ದಾಣವನ್ನು ಸೇರುವ ದಾರಿ ಶಾಶ್ವತವಾಗಿ ಮುಚ್ಚಿಹೋಗುವುದೆಂದು ಇಂಜಿನಿಯರುಗಳು ಎಚ್ಚರಿಸಿದರು. ಆ ಮಾತಿಗೆ ಕಿವಿಗೊಟ್ಟು, ಸುರಂಗಕ್ಕೆ ಒಪ್ಪಿಗೆಯೇ ದೊರೆಯದಿದ್ದಾಗ, ೨೦೧೩ರಲ್ಲಿಯೇ, ಕಾಂಕ್ರೀಟಿನ ಪೆಟ್ಟಿಗೆಯಂತಹ ದಾರಿಯೊಂದನ್ನು ಕಟ್ಟಿ ಕಾದಿರಿಸತೊಡಗಿದರು. ಅಂದು ಅದನ್ನು ನೋಡಿದವರಿಗೆ ಎಲ್ಲಿಗೂ ಹೋಗದ ದಾರಿಯೆಂದು ತೋರಿರಬೇಕು. ಇಂದು ಅದಿಲ್ಲದೆ ಯೋಜನೆಯೇ ಇಲ್ಲ. ಹಾಗೆಯೇ ಮ್ಯಾನ್‌ಹಟನ್ ದಡದ ಸಮೀಪ ಹೊಸ ಸುರಂಗದ ಮೇಲೆ ನದಿಯ ಕೆಸರು ತೆಳುವಾಗಿರುವುದರಿಂದ, ತೋಡುವ ಯಂತ್ರ ಬರುವ ಮೊದಲೇ ಆ ಕೆಸರಿಗೆ ಸಿಮೆಂಟು ಬೆರೆಸಿ ಗಟ್ಟಿಮಾಡುವ ವ್ಯವಸ್ಥೆಯಾಗಿದೆ. ಮುಂದಾಲೋಚನೆಯೆಂದರೆ ಇದು.

ನಮಗೆ ಇದರಿಂದ ಏನು?

ದೂರದ ಹಡ್ಸನ್ನಿನ ಈ ಕಥೆ ಹೋಟೆಲಿನಲ್ಲಿಯೂ ಕಚೇರಿಯಲ್ಲಿಯೂ ದುಡಿಯುವ ನಮಗೇಕೆ ಎಂದು ವಾಚಕರು ಕೇಳಬಹುದು. ಮುಂಬಯಿ, ಪುಣೆ, ಮದರಾಸು, ಹೈದರಾಬಾದು ಎಲ್ಲಿ ನೋಡಿದರೂ ನಾವು ದಿನವೂ ದಾಟುವ ಸೇತುವೆಗಳೂ ದಾರಿಗಳೂ ಮುದಿಯಾಗುತ್ತಿವೆ. ಇಂದಲ್ಲ ನಾಳೆ ಅವುಗಳ ಮೇಲೆಯೂ 'ಮುಚ್ಚಲಾಗಿದೆ' ಎಂಬ ಫಲಕ ಬೀಳುವುದು ಖಂಡಿತ. ಅಂತಹ ದಿನ ಬಂದಾಗ ಗೊಣಗುವುದರಿಂದ ಪ್ರಯೋಜನವಿಲ್ಲ. ಫಲಕ ಬೀಳುವ ಮೊದಲೇ ಕೇಳಬೇಕಾದ ಪ್ರಶ್ನೆಗಳನ್ನು ಕೇಳಬೇಕು. ಮುಚ್ಚದೆಯೇ ಮಾಡಬಹುದಾದ ಭಾಗವೆಷ್ಟು? ಮುಚ್ಚಲೇಬೇಕಾದರೆ ಬದಲು ದಾರಿ ಯಾವುದು, ಅದು ಮೊದಲೇ ಸಿದ್ಧವಾಗುವುದೇ? ಬೇರೊಬ್ಬ ತಜ್ಞರು ಇದನ್ನು ಕಣ್ಣಾರೆ ನೋಡಿದ್ದಾರೆಯೇ? ಯೋಜನೆಗಳ ಬಗೆಗೆ ಸರ್ಕಾರಗಳೂ ನಗರಸಭೆಗಳೂ ಸಲಹೆ-ಆಕ್ಷೇಪಗಳನ್ನು ಆಹ್ವಾನಿಸಿ ಪ್ರಕಟಣೆ ಕೊಡುವುದುಂಟು. ನಮ್ಮಲ್ಲಿ ಎಷ್ಟು ಮಂದಿ ಅದನ್ನು ಓದುತ್ತೇವೆ? ನಮ್ಮ ಕನ್ನಡ ಸಂಘಗಳು ನಾಟಕ, ಸನ್ಮಾನಗಳ ನಡುವೆ ಒಂದು ಸಂಜೆಯನ್ನು ಇದಕ್ಕೆ ಮೀಸಲಿಟ್ಟು, ಪ್ರಯಾಣಿಕರ ಸಂಘಗಳೊಡನೆ ಕೂಡಿ ಒಂದು ಅರ್ಜಿಯನ್ನು ಬರೆದು ಕಳಿಸಿದರೆ ಅದೂ ಸೇವೆಯೇ.

ಇಂಜಿನಿಯರು ಕೆಸರಿನ ಆಳವನ್ನು ಬಲ್ಲನು, ಕಾಂಕ್ರೀಟಿನ ಆಯುಸ್ಸನ್ನು ಬಲ್ಲನು. ಆದರೆ ಬೆಳಗಿನ ಮೊದಲ ಗಾಡಿ ತಪ್ಪಿದರೆ ಯಾವ ಮನೆಯಲ್ಲಿ ಏನಾಗುವುದೆಂಬುದನ್ನು ಬಲ್ಲವರು ನಾವೇ. ಆ ತಿಳಿವಳಿಕೆಯನ್ನು ಅವನ ಮುಂದಿಡುವುದು ನಮ್ಮ ಕೆಲಸ. ಅದನ್ನು ಕೇಳಿಕೊಂಡು ಲೆಕ್ಕ ಹಾಕುವುದು ಅವನ ಕೆಲಸ. ಎರಡೂ ಕೂಡಿದಾಗಲೇ ಸಲಹೆ ಪೂರ್ಣವಾಗುತ್ತದೆ.